ಹಾಡ್ತಾ ಹಾಡ್ತಾ ರಾಗ: ಆಗಸ್ಟ್ ರಜೆಗೊಂದು ಮಕ್ಕಳ ಸಂಗೀತ ಶಿಬಿರ



ಊರಿನಲ್ಲಿರುವ ಅಜ್ಜಿಗೆ ಫೋನ್ ಮಾಡಿ "ಮಕ್ಕಳನ್ನು ಬೇಸಿಗೆ ಶಿಬಿರಕ್ಕೆ ಕಳಿಸುತ್ತಿದ್ದೇವೆ" ಎಂದರೆ ಅವರ ಕಣ್ಣ ಮುಂದೆ ಬರುವುದು ಏಪ್ರಿಲ್ ಬಿಸಿಲು, ಮಾವಿನಹಣ್ಣು, ಮಜ್ಜಿಗೆ. ಇಲ್ಲಿ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಕತೆಯೇ ಬೇರೆ! ಜುಲೈ ಬಂತೆಂದರೆ ನಮ್ಮ ಮನೆಗಳಲ್ಲಿ ಸ್ವೆಟರ್‌ಗಳು ಹೊರಗೆ ಬರುತ್ತವೆ. ಮಧ್ಯಾಹ್ನದವರೆಗೂ ಮೋಡ ಕರಗುವುದಿಲ್ಲ. ನೈರೋಬಿಯಲ್ಲಿ ವರ್ಷದ ಅತಿ ತಣ್ಣನೆಯ ದಿನಗಳೆಂದರೆ ಇವೇ. ಆದರೂ ಬ್ರಿಟಿಷ್ ಪಠ್ಯಕ್ರಮದ ಶಾಲೆಗಳ ಲೆಕ್ಕದಲ್ಲಿ ಇದು "ಸಮ್ಮರ್ ಹಾಲಿಡೇಸ್". ಕೀನ್ಯಾದ ಪಠ್ಯಕ್ರಮದ ಶಾಲೆಗಳಿಗೂ ಆಗಸ್ಟ್‌ನಲ್ಲಿ ರಜೆ ಇರುತ್ತದೆ. ಹೀಗಾಗಿ ಎರಡೂ ಬಗೆಯ ಶಾಲೆಯ ಮಕ್ಕಳು ಒಟ್ಟಿಗೆ ಸಿಗುವ ಕಾಲ ಆಗಸ್ಟ್.

ಈ ರಜೆಯಲ್ಲಿ ಮಕ್ಕಳಿಗೆ ಸಂಗೀತ ಶಿಬಿರ ಮಾಡಬೇಕು, ಅಥವಾ ಎಲ್ಲಾದರೂ ನಡೆಯುತ್ತಿದ್ದರೆ ಸೇರಿಸಬೇಕು ಎಂಬ ಮಾತು ನಮ್ಮ ನಡುವೆ ಪ್ರತಿ ವರ್ಷವೂ ಏಳುತ್ತದೆ. ಈ ಲೇಖನ ಯಾವುದೇ ಶಿಬಿರದ ಪ್ರಕಟಣೆಯಲ್ಲ. ಶಿಬಿರದಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ, ನೈರೋಬಿಯಲ್ಲಿ ಮಾಡುವುದಾದರೆ ಹೇಗೆ, ಊರಿಗೆ ಕಳಿಸುವುದಾದರೆ ಯಾವಾಗ ಎಂಬುದನ್ನು ತಿಳಿಸುವ ಸಣ್ಣ ಪ್ರಯತ್ನ.

ಶಿಬಿರದ ಹಿನ್ನೆಲೆ

ಮಕ್ಕಳನ್ನು ರಜೆಯಲ್ಲಿ ಒಂದೆಡೆ ಸೇರಿಸಿ ಸಂಗೀತ ಕಲಿಸುವ ಪದ್ಧತಿಗೆ ಸುಮಾರು ನೂರು ವರ್ಷಗಳ ಇತಿಹಾಸವಿದೆ. ಅಮೆರಿಕದ ಮಿಷಿಗನ್ ರಾಜ್ಯದ ಇಂಟರ್‌ಲಾಕನ್ ಎಂಬಲ್ಲಿ 1928ರಲ್ಲಿ ಜೋಸೆಫ್ ಮ್ಯಾಡಿ ಎಂಬ ಸಂಗೀತ ಶಿಕ್ಷಕರು ಪ್ರೌಢಶಾಲಾ ಮಕ್ಕಳ ವಾದ್ಯವೃಂದಕ್ಕಾಗಿ ಕಾಡಿನ ನಡುವೆ ಶಿಬಿರ ಆರಂಭಿಸಿದರು. ಅದು ಇಂದಿಗೂ ನಡೆಯುತ್ತಿದೆ. ತಮ್ಮ ಊರಿನಲ್ಲಿ ಒಂಟಿಯಾಗಿ ವಾದ್ಯ ಕಲಿಯುತ್ತಿದ್ದ ಮಗು ಅಲ್ಲಿಗೆ ಬಂದು ತನ್ನಂಥ ನೂರಾರು ಮಕ್ಕಳ ಜೊತೆ ಕೂತು ನುಡಿಸುವುದೇ ಅದರ ಉದ್ದೇಶವಾಗಿತ್ತು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಮ್ಮ ಕರ್ನಾಟಕದಲ್ಲಿ ಏಪ್ರಿಲ್-ಮೇ ಎಂದರೆ ಶಿಬಿರಗಳ ಸುಗ್ಗಿ. ಬೆಂಗಳೂರಿನ ಕಬ್ಬನ್ ಪಾರ್ಕಿನ ಜವಾಹರ್ ಬಾಲಭವನದ ಬೇಸಿಗೆ ಶಿಬಿರಕ್ಕೆ ಹೋಗಿದ್ದವರು ನಮ್ಮ ನಡುವೆಯೂ ಇರಬಹುದು. ಮೈಸೂರಿನಲ್ಲಿ 1989ರಲ್ಲಿ ಸ್ಥಾಪನೆಯಾದ, ಬಿ.ವಿ. ಕಾರಂತರು ಮೊದಲ ನಿರ್ದೇಶಕರಾಗಿದ್ದ ರಂಗಾಯಣ 'ಚಿಣ್ಣರ ಮೇಳ' ನಡೆಸುತ್ತಾ ಬಂದಿದೆ. ಅದು ನಾಟಕದ ಶಿಬಿರ ನಿಜ. ಆದರೆ ಅಲ್ಲಿಂದ ಮಕ್ಕಳು ಮನೆಗೆ ಹೊತ್ತು ತರುವುದು ಬಹುಮಟ್ಟಿಗೆ ರಂಗಗೀತೆಗಳನ್ನೇ. ಗುಂಪಿನಲ್ಲಿ ಕಲಿತ ಹಾಡು ಮಕ್ಕಳ ಬಾಯಲ್ಲಿ ಬೇಗ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹೊರದೇಶಗಳಲ್ಲಿ ಭಾರತೀಯ ಸಂಗೀತಕ್ಕೂ ಇಂಥ ಏರ್ಪಾಡುಗಳಾಗಿವೆ. ಇಂಗ್ಲೆಂಡಿನ ಲಿವರ್‌ಪೂಲ್‌ನ ಮಿಲಾಪ್‌ಫೆಸ್ಟ್ ಸಂಸ್ಥೆ 2002ರಲ್ಲಿ 'ಸಮ್ಯೋ' ಎಂಬ ಭಾರತೀಯ ಸಂಗೀತದ ಯುವ ವಾದ್ಯವೃಂದವನ್ನು ಕಟ್ಟಿತು. ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಗುರುಗಳ ಬಳಿ ಕಲಿಯುವ ಮಕ್ಕಳನ್ನು ಒಟ್ಟುಗೂಡಿಸುವ ಕೆಲಸ ಅದರದು. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 1978ರಿಂದ ನಡೆಯುತ್ತಿರುವ ತ್ಯಾಗರಾಜ ಆರಾಧನೆಗೆ ಮಕ್ಕಳು ತಿಂಗಳುಗಟ್ಟಲೆ ಮನೆಯಲ್ಲಿ ಕೃತಿಗಳನ್ನು ಕಲಿತು ಬಂದು ವೇದಿಕೆಯ ಮೇಲೆ ಒಟ್ಟಿಗೆ ಹಾಡುತ್ತಾರೆ. ಎರಡೂ ಕಡೆ ಕಲಿಕೆ ನಡೆಯುವುದು ಮನೆಯಲ್ಲಿ, ಕೂಡಿ ಹಾಡುವುದು, ನುಡಿಸುವುದು ನಡೆಯುವುದು ಸೇರಿದ ಕಡೆ.

ಪರದೆ ಕೊಡಲಾರದ್ದು

ಇಲ್ಲೊಂದು ನಮ್ಮ ಮನೆಯ ಸಂಗತಿ ಹೇಳಬೇಕು. ನಮ್ಮ ಮಗಳು ಮೂರು ವರ್ಷ ಬೆಂಗಳೂರಿನ ಗುರುಗಳಿಂದ ಕಂಪ್ಯೂಟರಿನ ಮೂಲಕವೇ ಪಾಠ ಕಲಿತಳು. ಇಲ್ಲಿ ಸಂಜೆ ಐದಾದರೆ ಅಲ್ಲಿ ಏಳೂವರೆ. ಎರಡೂವರೆ ಗಂಟೆಯ ವ್ಯತ್ಯಾಸ ಇಬ್ಬರಿಗೂ ಅನುಕೂಲವೇ. ಗುರುಗಳು ಶ್ರದ್ಧೆಯಿಂದ ಕಲಿಸಿದರು, ಇವಳೂ ಶ್ರದ್ಧೆಯಿಂದ ಕಲಿತಳು. ಸ್ವರ ಶುದ್ಧವಾಗಿತ್ತು, ಸಾಹಿತ್ಯ ಬಾಯಿಪಾಠವಾಗಿತ್ತು. ಒಂದು ಹಬ್ಬದ ಸಂಜೆ ಇನ್ನೂ ಮೂವರು ಮಕ್ಕಳ ಜೊತೆ ಕೂರಿಸಿ "ಒಟ್ಟಿಗೆ ಹಾಡಿ" ಎಂದಾಗ ನಾಲ್ಕನೇ ಆವರ್ತಕ್ಕೇ ತಾಳ ತಪ್ಪಿತು. ಪಕ್ಕದ ಹುಡುಗಿ ಒಂದು ಅಕ್ಷರ ಮುಂದೆ, ಇವಳು ಒಂದು ಅಕ್ಷರ ಹಿಂದೆ! ಅಳು ಬಂದು ಎದ್ದು ಹೋದಳು. ರಾತ್ರಿ "ಅಮ್ಮಾ, ನನಗೆ ಹಾಡೋಕೆ ಬರಲ್ಲ, ಕ್ಲಾಸ್ ಬೇಡ" ಎಂದಳು.

ತಪ್ಪು ಮಗುವಿನದಲ್ಲ, ಗುರುಗಳದ್ದೂ ಅಲ್ಲ. ದೂರದ ಪಾಠದಲ್ಲಿ ಇಬ್ಬರು ಏಕಕಾಲಕ್ಕೆ ಹಾಡಲು ಸಾಧ್ಯವೇ ಇಲ್ಲ. ನೈರೋಬಿಯಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು 4,800 ಕಿಲೋಮೀಟರು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುತ್ತದೆ. ಕೇಬಲ್ ನೇರವಾಗಿಯೇ ಇದ್ದರೂ ದನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪಲು ಸುಮಾರು 24 ಮಿಲಿಸೆಕೆಂಡು ಬೇಕು. ಸಂಗೀತಗಾರರು ಜೊತೆಯಾಗಿ ನುಡಿಸಲು ತಾಳಿಕೊಳ್ಳಬಲ್ಲ ತಡ ಸುಮಾರು 25-30 ಮಿಲಿಸೆಕೆಂಡು ಅಷ್ಟೇ. ನಿಜದಲ್ಲಿ ಕೇಬಲ್ ಸುತ್ತಿ ಬಳಸಿ ಬರುತ್ತದೆ, ವೀಡಿಯೊ ಕರೆಯ ತಂತ್ರಾಂಶ ದನಿಯನ್ನು ಮಡಚಿ ಬಿಡಿಸಲು ಇನ್ನಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಅದಕ್ಕೇ ಗುರುಗಳು ಒಂದು ಸಾಲು ಹಾಡಿ ನಿಲ್ಲಿಸುತ್ತಾರೆ, ಮಗು ಮತ್ತೆ ಹಾಡುತ್ತದೆ. ಮಗು ಯಾವಾಗಲೂ ಒಂಟಿಯಾಗಿ, ತನ್ನದೇ ವೇಗದಲ್ಲಿ ಹಾಡುತ್ತದೆ.

ಅಂದಮೇಲೆ ಪರದೆಯ ಪಾಠ ವ್ಯರ್ಥ ಎಂದು ಅರ್ಥವಲ್ಲ. ರಾಗದ ಛಾಯೆ, ಸಾಹಿತ್ಯದ ಶುದ್ಧಿ, ಪಾಠದ ಕ್ರಮ ಇವೆಲ್ಲ ಅದರಿಂದ ಚೆನ್ನಾಗಿಯೇ ಬರುತ್ತವೆ. ಬಾರದಿರುವುದು ಮೂರು. ಒಂದು, ಇತರರ ಜೊತೆ ತಾಳದಲ್ಲಿ ನಿಲ್ಲುವುದು. ಎರಡು, ಪಕ್ಕದವರ ದನಿ ಕೇಳಿ ತನ್ನ ಶ್ರುತಿಯನ್ನು ಸರಿಮಾಡಿಕೊಳ್ಳುವುದು. ಮೂರು, ಎದುರಿಗೇ ಮೃದಂಗ ನುಡಿಯುವಾಗ ಹೆದರದೆ ಹಾಡುವುದು. ಶಿಬಿರದ ಹತ್ತು ದಿನಗಳನ್ನು ಈ ಮೂರಕ್ಕೇ ಮೀಸಲಿಡಬೇಕು ಎಂಬುದು ಈ ಲೇಖನದ ಮುಖ್ಯ ಮಾತು. ಹತ್ತು ದಿನದಲ್ಲಿ ಹತ್ತು ಹೊಸ ಹಾಡು ಕಲಿಸುವ ಶಿಬಿರಕ್ಕಿಂತ, ಬರುವ ಎರಡು ಹಾಡನ್ನು ಎಂಟು ಮಕ್ಕಳು ಕೂಡಿ ತಪ್ಪದೆ ಹಾಡುವಂತೆ ಮಾಡುವ ಶಿಬಿರ ಮೇಲು.

ಮೊದಲ ಪಾಠವೇ ಕನ್ನಡ

ಏನನ್ನು ಹಾಡಿಸಬೇಕು? ಇಲ್ಲಿ ಕನ್ನಡಿಗರಾದ ನಮಗೆ ಒಂದು ಭಾಗ್ಯವಿದೆ. ಕರ್ನಾಟಕ ಸಂಗೀತವನ್ನು ಯಾವ ಊರಿನಲ್ಲಿ, ಯಾವ ಭಾಷೆಯ ಗುರುಗಳ ಬಳಿ ಕಲಿತರೂ ಮೊದಲ ಪಾಠಗಳ ಕ್ರಮ ಪುರಂದರದಾಸರದು. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಿಸೆ, ಜಂಟಿ ವರಿಸೆ, ಅಲಂಕಾರಗಳನ್ನು ಕಲಿಯುವ ಕ್ರಮವನ್ನು ಹಾಕಿಕೊಟ್ಟವರು ಅವರೇ ಎಂದು ಪರಂಪರೆ ಹೇಳುತ್ತದೆ. ಅವರನ್ನು ಸಂಗೀತ ಪಿತಾಮಹ ಎಂದು ಕರೆಯುವುದೂ ಇದಕ್ಕಾಗಿಯೇ. ಇವುಗಳ ನಂತರ ಬರುವ ಮಲಹರಿ ರಾಗದ ಪಿಳ್ಳಾರಿ ಗೀತೆಗಳೂ ದಾಸರವೇ. ಹಾಗಾಗಿ ಚೆನ್ನೈನ ಮಗುವೂ, ಹೈದರಾಬಾದಿನ ಮಗುವೂ, ತಿರುವನಂತಪುರದ ಮಗುವೂ ಆ ಗೀತೆಗಳಲ್ಲಿ ದಾಸರ ಮಾತನ್ನು ಬಾಯಿಪಾಠ ಮಾಡುತ್ತದೆ!

ನೈರೋಬಿಯಲ್ಲಿ ಕನ್ನಡ ಮಕ್ಕಳಷ್ಟನ್ನೇ ಸೇರಿಸಿದರೆ ಶಿಬಿರಕ್ಕೆ ಸಂಖ್ಯೆ ಸಾಲದೆ ಹೋಗಬಹುದು. ತಮಿಳು, ತೆಲುಗು, ಮಲಯಾಳಿ ಮನೆಗಳ ಮಕ್ಕಳನ್ನೂ ಕರೆದರೆ ಗುಂಪು ತುಂಬುತ್ತದೆ. ಆಗ ನಮ್ಮ ಮಗುವಿಗೆ ಒಂದು ಜವಾಬ್ದಾರಿ ಕೊಡಿ. ಗೀತೆಯ ಪದಪದದ ಅರ್ಥವನ್ನು ಉಳಿದವರಿಗೆ ಹೇಳಿಕೊಡುವುದು. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗ, ಅರ್ಥ ಹೇಳಬೇಕಾಗಿ ಬಂದಾಗ ತಾನಾಗಿಯೇ ಅಪ್ಪನನ್ನು "ಈ ಪದ ಅಂದ್ರೆ ಏನು?" ಎಂದು ಕೇಳುತ್ತಾನೆ. ಕನ್ನಡ ಕಲಿ ಎಂದು ಹತ್ತು ಸಲ ಹೇಳುವುದಕ್ಕಿಂತ ಇದು ಪರಿಣಾಮಕಾರಿ.

ಉಚ್ಚಾರಣೆಗೂ ಹಾಡು ಒಳ್ಳೆಯ ದಾರಿ. ಇಂಗ್ಲಿಷ್ ಮತ್ತು ಸ್ವಾಹಿಲಿ ಮಾತಾಡಿ ಬೆಳೆದ ನಮ್ಮ ಮಕ್ಕಳಿಗೆ ಳ, ಣ ಕಷ್ಟ, ಮಹಾಪ್ರಾಣಗಳೂ ಜಾರುತ್ತವೆ. ಮಾತಿನ ವೇಗದಲ್ಲಿ ತಿದ್ದಲು ಹೋದರೆ ಮಕ್ಕಳಿಗೆ ಬೇಸರ. ವಿಳಂಬ ಕಾಲದ ಹಾಡಿನಲ್ಲಿ ನಾಲಗೆಗೆ ಸಮಯ ಸಿಗುತ್ತದೆ, ತಿದ್ದಿದ್ದು ತಿದ್ದಿದಂತೆ ಅನ್ನಿಸುವುದಿಲ್ಲ. ಇನ್ನೊಂದು ಸ್ವಾರಸ್ಯ ಗಮನಿಸಿ. ಸ್ವಾಹಿಲಿಯ ಪದಗಳೂ ನಮ್ಮ ಪದಗಳಂತೆಯೇ ಬಹುತೇಕ ಸ್ವರಾಕ್ಷರದಲ್ಲಿ ಮುಗಿಯುತ್ತವೆ. ಸ್ವಾಹಿಲಿ ಚೆನ್ನಾಗಿ ಬಲ್ಲ ಮಗು ಪದದ ಕೊನೆಯನ್ನು ನುಂಗದೆ, ತುಂಬುದನಿಯಲ್ಲಿ ಬಿಡುತ್ತದೆ. ಹಾಡಿಗೆ ಬೇಕಾದದ್ದೂ ಅದೇ.

ಶಾಸ್ತ್ರೀಯ ಸಂಗೀತ ಕಲಿಯದ ಮಕ್ಕಳೂ ಬರುತ್ತಾರೆ. ಅವರಿಗೆ ಭಾವಗೀತೆ, ಜನಪದ ಗೀತೆ, ರಂಗಗೀತೆಗಳಿವೆ. ಪಿ. ಕಾಳಿಂಗರಾಯರು ಮನೆಮನೆಗೆ ಮುಟ್ಟಿಸಿದ, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರು ಬೆಳೆಸಿದ ಸುಗಮ ಸಂಗೀತದ ದೊಡ್ಡ ಭಂಡಾರವೇ ನಮ್ಮಲ್ಲಿದೆ. ಕೆ.ಎಸ್. ನಿಸಾರ್ ಅಹಮದ್ ಅವರ ಗೀತೆಗಳ 'ನಿತ್ಯೋತ್ಸವ' ಕ್ಯಾಸೆಟ್ ಬಂದದ್ದು 1978ರಲ್ಲಿ. ಸೂಟ್‌ಕೇಸಿನ ಮೂಲೆಯಲ್ಲಿ ಅದನ್ನು ಇಟ್ಟುಕೊಂಡೇ ವಿಮಾನ ಹತ್ತಿದವರು ನಮ್ಮ ಹಿರಿಯರಲ್ಲಿ ಇದ್ದಾರು. ಈ ಹಾಡುಗಳು ಅಪ್ಪ ಅಮ್ಮಂದಿರಿಗೂ ಬರುವುದರಿಂದ ಕೊನೆಯ ದಿನ ಎಲ್ಲರೂ ದನಿಗೂಡಿಸಬಹುದು.

ಒಂದು ದಿನದ ಪಾಠ ಹೇಗಿರಬೇಕು

ಹತ್ತು ದಿನ, ದಿನಕ್ಕೆ ಬೆಳಿಗ್ಗೆ ಒಂಬತ್ತೂವರೆಯಿಂದ ಒಂದು ಗಂಟೆವರೆಗೆ ಎಂದು ಇಟ್ಟುಕೊಳ್ಳಿ. ಕಚೇರಿಯ ಟ್ರಾಫಿಕ್ ಸ್ವಲ್ಪ ಇಳಿದಿರುತ್ತದೆ, ಮಕ್ಕಳೂ ಚುರುಕಾಗಿರುತ್ತಾರೆ. ಮಕ್ಕಳನ್ನು ವಯಸ್ಸಿನ ಪ್ರಕಾರ ಅಲ್ಲ, ಎಷ್ಟು ಕಲಿತಿದ್ದಾರೆ ಎಂಬುದರ ಪ್ರಕಾರ ಮೂರು ಗುಂಪು ಮಾಡುವುದು ಒಳ್ಳೆಯದು. ಹೊಸಬರು, ಗೀತೆಯವರೆಗೆ ಬಂದವರು, ವರ್ಣ-ಕೃತಿ ಹಾಡುವವರು.

ಮೊದಲ ಅರ್ಧ ಗಂಟೆ ಎಲ್ಲರೂ ಒಟ್ಟಿಗೆ ಕೂತು ತಂಬೂರಿಯ ಶ್ರುತಿಗೆ ಸಾ-ಪ-ಸಾ ಹಿಡಿಯಲಿ. ಆಮೇಲೆ ಆದಿತಾಳದಲ್ಲಿ ಸರಳೆ ವರಿಸೆ. ಒಂದನೇ ಕಾಲದಲ್ಲಿ ಒಂದು ಎಣಿಕೆಗೆ ಒಂದು ಸ್ವರ, ಎರಡನೇ ಕಾಲದಲ್ಲಿ ಎರಡು, ಮೂರನೇ ಕಾಲದಲ್ಲಿ ನಾಲ್ಕು. ಕೈ ಮಾತ್ರ ಒಂದೇ ವೇಗದಲ್ಲಿ ಬೀಳಬೇಕು. ಒಂಟಿಯಾಗಿ ಕಲಿತ ಮಕ್ಕಳಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ: ಹಾಡು ವೇಗವಾದಾಗ ಕೈಯೂ ಜೊತೆಗೆ ಓಡುತ್ತದೆ. ಹತ್ತು ಕೈಗಳು ಒಟ್ಟಿಗೆ ಬೀಳುವಾಗ ತನ್ನ ಕೈ ಮುಂದೆ ಓಡಿದ್ದು ಮಗುವಿಗೆ ತಾನೇ ಗೊತ್ತಾಗುತ್ತದೆ, ಯಾರೂ ಬೈಯಬೇಕಿಲ್ಲ.

ನಂತರ ಗುಂಪಿನ ಪಾಠ. ಅಲಂಕಾರಗಳನ್ನು ಆಟದಂತೆ ಆಡಿಸಬಹುದು. ಸಪ್ತತಾಳಗಳ ಎಣಿಕೆ ಬೇರೆಬೇರೆ: ಧ್ರುವಕ್ಕೆ 14, ಮಠ್ಯಕ್ಕೆ 10, ರೂಪಕಕ್ಕೆ 6, ಝಂಪೆಗೆ 10, ತ್ರಿಪುಟಕ್ಕೆ 7, ಅಟ್ಟಕ್ಕೆ 14, ಏಕಕ್ಕೆ 4. ಅರ್ಧ ಗುಂಪು ತಾಳ ಹಾಕಲಿ, ಅರ್ಧ ಗುಂಪು ಹಾಡಲಿ, ಮಧ್ಯದಲ್ಲಿ ಅದಲು ಬದಲಾಗಲಿ. ತ್ರಿಪುಟದ ಏಳನ್ನು "ತಕಿಟ ತಕಧಿಮಿ" ಎಂದು ಬಾಯಲ್ಲಿ ಹೇಳಿಸಿದರೆ ಕೂತಲ್ಲಿ ಕೂರದ ಪುಟಾಣಿಗಳೂ ಕಿವಿ ನಿಮಿರಿಸುತ್ತಾರೆ.

ಹನ್ನೊಂದೂವರೆಗೆ ತಿಂಡಿ. ಉಪ್ಪಿಟ್ಟೋ ಚಿತ್ರಾನ್ನವೋ ಸರದಿಯ ಮೇಲೆ ಒಂದೊಂದು ಮನೆಯಿಂದ ಬರಲಿ. ತಿಂದ ತಕ್ಷಣ ಹಾಡಿಸಬೇಡಿ. ಆ ಅರ್ಧ ಗಂಟೆ ಕೇಳುವ ಹೊತ್ತು. ಒಂದು ದಿನ ವೀಣೆ, ಒಂದು ದಿನ ಪಿಟೀಲು, ಒಂದು ದಿನ ಹಿಂದೂಸ್ತಾನಿ ಗಾಯನ ಹೀಗೆ ಏನಾದರೂ ಕೇಳಿಸಿ, ಏನು ಕೇಳಿಸಿತು ಎಂದು ಕನ್ನಡದಲ್ಲಿ ಹೇಳಿಸಿ. ಕೊನೆಯ ಒಂದು ಗಂಟೆ ಮೃದಂಗದ ಜೊತೆ ಸಮೂಹ ಗಾಯನ. ಮೃದಂಗ ನುಡಿಸುವವರು ನಮ್ಮೂರಿನಲ್ಲಿ ಸಿಕ್ಕಿದರೆ ಬೇರೆಲ್ಲ ಖರ್ಚು ಕಡಿಮೆ ಮಾಡಿಯಾದರೂ ಅವರನ್ನು ಕರೆಸಿ. ಕೈಫೋನಿನ ತಾಳ ಯಂತ್ರ ಮಗು ತಪ್ಪಿದರೂ ತನ್ನ ಪಾಡಿಗೆ ಓಡುತ್ತದೆ. ಮನುಷ್ಯ ಮೃದಂಗಗಾರರು ಕಣ್ಣು ನೋಡಿ, ಒಂದು ಕ್ಷಣ ಕಾದು, ಮಗುವನ್ನು ಸಮಕ್ಕೆ ಕರೆತರುತ್ತಾರೆ.

ದನಿಯ ಕಾಳಜಿ

ಮಕ್ಕಳ ಶಿಬಿರಗಳಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಶ್ರುತಿಯ ಆಯ್ಕೆ. ಕಲಿಸುವವರು ಗಂಡಸರಾದರೆ ತಮ್ಮ ಶ್ರುತಿಯಲ್ಲೇ ಹಾಡಿಸಿಬಿಡುತ್ತಾರೆ. ಪುಟ್ಟ ಮಕ್ಕಳಿಗೆ ಹಾರ್ಮೋನಿಯಂನ ಜಿ ಅಥವಾ ಜಿ ಶಾರ್ಪ್ ಸುತ್ತಮುತ್ತ ಇಟ್ಟರೆ ಕೆಳಗೂ ಮೇಲೂ ಆರಾಮವಾಗಿ ಓಡಾಡಬಹುದು. "ಜೋರಾಗಿ ಹಾಡಿ" ಎಂದು ಹೇಳುವ ಬದಲು "ಪಕ್ಕದವರು ಕೇಳುವಷ್ಟು ಹಾಡಿ" ಎನ್ನಿ. ಕೂಗುವುದು ಬೇರೆ, ತುಂಬುಕಂಠದಲ್ಲಿ ಹಾಡುವುದು ಬೇರೆ.

ಹನ್ನೆರಡರಿಂದ ಹದಿನಾಲ್ಕು ವರ್ಷದ ಹುಡುಗರ ಬಗ್ಗೆ ವಿಶೇಷ ಗಮನ ಬೇಕು. ದನಿ ಒಡೆಯುವ ವಯಸ್ಸದು. ನಿನ್ನೆಯವರೆಗೆ ಸಲೀಸಾಗಿ ಮುಟ್ಟುತ್ತಿದ್ದ ತಾರ ಷಡ್ಜ ಇಂದು ಸಿಗುವುದಿಲ್ಲ, ಪಕ್ಕದಲ್ಲಿ ಹುಡುಗಿಯರು ಕಿಸಕ್ಕನೆ ನಗುತ್ತಾರೆ, ಹುಡುಗ ಮರುದಿನದಿಂದ ಬರುವುದಿಲ್ಲ. ಹುಡುಗರು ಸಂಗೀತ ಬಿಡುವುದು ಹೆಚ್ಚಾಗಿ ಇದೇ ಘಟ್ಟದಲ್ಲಿ. ಇದು ಕಾಯಿಲೆಯಲ್ಲ, ಕೆಲವು ತಿಂಗಳಲ್ಲಿ ದನಿ ಕೆಳಗಿನ ಶ್ರುತಿಯಲ್ಲಿ ನೆಲೆ ನಿಲ್ಲುತ್ತದೆ ಎಂದು ಮೊದಲೇ ಹೇಳಿರಬೇಕು. ಅಲ್ಲಿಯವರೆಗೆ ಬಲವಂತವಾಗಿ ಮೇಲಿನ ಸ್ವರ ಹಾಡಿಸಬಾರದು. ಅವನಿಗೆ ತಾಳ ಹಾಕುವ, ಕೊನ್ನಕ್ಕೋಲು ಹೇಳುವ, ಮೃದಂಗದ ಪಕ್ಕ ಕೂರುವ ಕೆಲಸ ಕೊಡಿ. ಗುಂಪಿನಲ್ಲಿ ಉಳಿದರೆ ಸಂಗೀತದಲ್ಲೂ ಉಳಿಯುತ್ತಾನೆ.

ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಬೆಂಗಳೂರು ಸುಮಾರು 920 ಮೀಟರ್. ಇಲ್ಲಿ ಬೆಳೆದ ಮಕ್ಕಳಿಗೆ ತೊಂದರೆ ಇಲ್ಲ. ಊರಿನಿಂದ ಬಂದ ಅತಿಥಿ ಗುರುಗಳಿಗೆ ಮೊದಲ ಒಂದೆರಡು ದಿನ ದೀರ್ಘ ಸಂಗತಿಗಳಲ್ಲಿ ಉಸಿರು ಸಾಲದೆ ಹೋಗಬಹುದು. ಬಂದ ಮರುದಿನವೇ ಕಛೇರಿ ಇಡಬೇಡಿ. ಬೆಳಗಿನ ಚಳಿಗೆ ಮಕ್ಕಳ ಗಂಟಲು ಕಟ್ಟಿರುತ್ತದೆ. ಪ್ರತಿಯೊಬ್ಬರ ಚೀಲದಲ್ಲಿ ಬೆಚ್ಚಗಿನ ನೀರು, ನೆಲಕ್ಕೆ ದಪ್ಪ ಜಮಖಾನೆ ಇರಲಿ.

ವಾದ್ಯಗಳು

ಊರಿನಿಂದ ವಾದ್ಯ ತರುವವರಿಗೆ ಒಂದೆರಡು ಕಿವಿಮಾತು. ಮೃದಂಗದ ಚರ್ಮ ಹವೆ ಬದಲಾದರೆ ಬಿಗಿ-ಸಡಿಲವಾಗುತ್ತದೆ. ಬಂದ ಕೂಡಲೇ ಶ್ರುತಿ ಮಾಡಲು ಹೋಗದೆ ಒಂದು ದಿನ ಕೋಣೆಯಲ್ಲಿ ಇಡಿ. ವೀಣೆಯ ಮೆಟ್ಟಿಲುಗಳು ಮೇಣದಲ್ಲಿ ಕೂತಿರುವುದರಿಂದ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಹೋಗಲೇಬೇಡಿ. ಬೆಂಗಳೂರಿನ ರಾಡೆಲ್‌ನಂಥ ಎಲೆಕ್ಟ್ರಾನಿಕ್ ತಂಬೂರಿಗಳು ಇಲ್ಲಿಯ 240 ವೋಲ್ಟ್ ವಿದ್ಯುತ್ತಿನಲ್ಲಿ ನಡೆಯುತ್ತವೆ. ಆದರೆ ಇಲ್ಲಿಯ ಸಾಕೆಟ್ ಬ್ರಿಟಿಷ್ ಮಾದರಿಯದು, ಚೌಕ ಪಿನ್ನಿನದು. ಅಡಾಪ್ಟರ್ ಮರೆಯಬೇಡಿ. ಕರೆಂಟು ಹೋದಾಗ ಕೈಫೋನಿನ ತಂಬೂರಿ ಆ್ಯಪ್ ಇದ್ದೇ ಇದೆ, ಅದಕ್ಕೊಂದು ಸಣ್ಣ ಸ್ಪೀಕರ್ ಸಾಕು.

ನೈರೋಬಿಯೂ ಸಂಗೀತದ ಊರೇ

ಸಂಗೀತ ಎಂದರೆ ಊರಿನಿಂದಲೇ ಬರಬೇಕು ಎಂಬ ಭಾವನೆ ನಮ್ಮಲ್ಲಿ ಸ್ವಲ್ಪ ಹೆಚ್ಚು. ನಾವಿರುವ ನಗರಕ್ಕೂ ತನ್ನದೇ ಸಂಗೀತದ ಚರಿತ್ರೆ ಇದೆ. ಕೀನ್ಯಾ ಸಂಗೀತೋತ್ಸವ ಆರಂಭವಾದದ್ದು 1927ರಲ್ಲಿ. ಇಂದು ದೇಶದ ಶಾಲಾ ಮಕ್ಕಳು ಅದರ ಸ್ಪರ್ಧೆಗಳಲ್ಲಿ ಹಾಡುತ್ತಾರೆ. ಇಲ್ಲಿನ ಕನ್ಸರ್ವೇಟೊಯರ್ ಆಫ್ ಮ್ಯೂಸಿಕ್ 1944ರಿಂದ ಪಾಠ ಹೇಳುತ್ತಿದೆ. ಕೊರೊಗೋಚೊ ಬಡಾವಣೆಯ ಮಕ್ಕಳಿಗಾಗಿ ಎಲಿಜಬೆತ್ ಎಂಜೊರೊಗೆ ಅವರು 2008ರಲ್ಲಿ ಆರಂಭಿಸಿದ 'ಘೆಟ್ಟೋ ಕ್ಲಾಸಿಕ್ಸ್' ಕೊಳೆಗೇರಿಯ ಮಕ್ಕಳ ಕೈಗೆ ಪಿಟೀಲು, ಕಹಳೆಗಳನ್ನು ಕೊಟ್ಟಿತು. ಕೀನ್ಯಾದ ರಾಷ್ಟ್ರೀಯ ಯುವ ವಾದ್ಯವೃಂದವೂ ಶಾಲಾ ರಜೆಗಳಲ್ಲಿ ಯುವಕರನ್ನು ಒಂದೆಡೆ ಸೇರಿಸಿ ಅಭ್ಯಾಸ ಮಾಡಿಸುತ್ತದೆ. ಅಂದರೆ ರಜಾ ಶಿಬಿರ ನಾವು ಹೊರಗಿನಿಂದ ತರುವ ಹೊಸ ವಿಚಾರವೇನಲ್ಲ, ಇಲ್ಲೇ ಇದೆ.

ಸ್ವಾಹಿಲಿಯಲ್ಲಿ 'ಎನ್‌ಗೋಮಾ' ಎಂಬ ಒಂದೇ ಪದಕ್ಕೆ ಡೋಲು, ಕುಣಿತ, ಸಂಗೀತದ ಕೂಟ ಎಂಬ ಅರ್ಥಗಳಿವೆ. ಶಿಬಿರದಲ್ಲಿ ಒಂದು ದಿನ ಇಲ್ಲಿಯ ಡೋಲು ನುಡಿಸುವ ಯುವಕರನ್ನು ಕರೆದು ಮಕ್ಕಳ ಮುಂದೆ ಕೂರಿಸಿ. ನಮ್ಮ ತಕಿಟ ತಕಧಿಮಿಗೆ ಅವರ ಕೈ ಹೇಗೆ ಉತ್ತರ ಕೊಡುತ್ತದೆ ಎಂದು ಮಕ್ಕಳು ನೋಡಲಿ. ಶಾಲೆಯ ಸಹಪಾಠಿಗಳ ಎದುರು ತನ್ನ ಸಂಗೀತದ ಬಗ್ಗೆ ಸಂಕೋಚಪಡುವ ಮಗುವಿಗೆ ಇದರಿಂದ ಬರುವ ಧೈರ್ಯ ದೊಡ್ಡದು.

ಊರಿಗೆ ಕಳಿಸುವುದಾದರೆ

ಆಗಸ್ಟ್‌ನಲ್ಲಿ ಊರಿಗೆ ಹೋದರೆ ಅಲ್ಲಿ ಶಾಲೆಗಳು ನಡೆಯುತ್ತಿರುತ್ತವೆ, ಬೇಸಿಗೆ ಶಿಬಿರಗಳು ಮುಗಿದಿರುತ್ತವೆ. ಗುರುಗಳ ಮನೆಗೆ ಹೋಗಿ ಎದುರು ಕೂತು ಪಾಠ ಹೇಳಿಸಿಕೊಳ್ಳಲು ಆ ಕಾಲ ಚೆನ್ನ, ಶಿಬಿರಕ್ಕೆ ಅಲ್ಲ. ಶಿಬಿರವೇ ಬೇಕೆಂದರೆ ನಮ್ಮ ಏಪ್ರಿಲ್ ರಜೆ ಸರಿಹೊಂದುತ್ತದೆ. ಕರ್ನಾಟಕದಲ್ಲಿ ಏಪ್ರಿಲ್ ಮಧ್ಯದಿಂದ ಮಕ್ಕಳ ಶಿಬಿರಗಳು ಶುರುವಾಗುತ್ತವೆ. ಜೊತೆಗೆ ರಾಮನವಮಿಯ ಸಂಗೀತ ಕಛೇರಿಗಳ ಕಾಲವೂ ಅದೇ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಳಿಯ ಉತ್ಸವ 1939ರಿಂದ ನಡೆಯುತ್ತಿದೆ. ಬೆಳಿಗ್ಗೆ ಶಿಬಿರ, ಸಂಜೆ ಪೆಂಡಾಲಿನಲ್ಲಿ ಅಜ್ಜ-ಅಜ್ಜಿಯ ಪಕ್ಕ ಕೂತು ಕಛೇರಿ ಕೇಳುವುದು. ಮೂರು ವಾರದ ರಜೆಯಲ್ಲಿ ಇದಕ್ಕಿಂತ ಹೆಚ್ಚೇನು ಬೇಕು? ಆದರೆ ಹೊರಡುವ ಮುನ್ನ ಶಿಬಿರದ ತಾರೀಖನ್ನು ನಿಮ್ಮ ಶಾಲೆಯ ತಾರೀಖಿನೊಂದಿಗೆ ಹೋಲಿಸಿ ನೋಡಿ. ಅರ್ಧದಲ್ಲಿ ಎದ್ದು ಬರುವುದು ಮಗುವಿಗೂ ಕಷ್ಟ, ಗುಂಪಿಗೂ ಕಷ್ಟ.

ಗುರುಗಳನ್ನೇ ಇಲ್ಲಿಗೆ ಕರೆಸುವವರು ಕಾಗದಪತ್ರಗಳನ್ನು ಮೊದಲೇ ಸರಿಮಾಡಿಕೊಳ್ಳಬೇಕು. 2024ರ ಜನವರಿಯಿಂದ ಕೀನ್ಯಾ ವೀಸಾದ ಬದಲು ವಿದ್ಯುನ್ಮಾನ ಪ್ರಯಾಣ ಅನುಮತಿಯ ಪದ್ಧತಿ ತಂದಿದೆ. ಸಂಭಾವನೆ ಪಡೆದು ಕಲಿಸುವುದಾದರೆ ಪ್ರವಾಸಿಗರ ಅನುಮತಿ ಸಾಲದು, ಅಲ್ಪಾವಧಿ ಕೆಲಸಕ್ಕೆ ವಲಸೆ ಇಲಾಖೆಯ ಸ್ಪೆಷಲ್ ಪಾಸ್ ಎಂಬುದಿದೆ. ನಮ್ಮ ಆತಿಥ್ಯದ ಉತ್ಸಾಹದಲ್ಲಿ ಹಿರಿಯರೊಬ್ಬರನ್ನು ವಿಮಾನ ನಿಲ್ದಾಣದಲ್ಲಿ ಪೇಚಿಗೆ ಸಿಕ್ಕಿಸಬಾರದಲ್ಲವೇ?

ಸೇರಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಯಾವ ಶಿಬಿರವೇ ಆಗಲಿ, ಹಣ ಕಟ್ಟುವ ಮೊದಲು ಇವಿಷ್ಟನ್ನು ಕೇಳಿ. ಸಂಕೋಚ ಬೇಡ.

- ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು? ಹತ್ತು-ಹನ್ನೆರಡು ದಾಟಿದರೆ ಹಿಂದಿನ ಸಾಲಿನ ಮಗುವಿನ ದನಿ ಯಾರಿಗೂ ಕೇಳಿಸುವುದಿಲ್ಲ.
- ದಿನದಲ್ಲಿ ಎಷ್ಟು ಹೊತ್ತು ಮಗು ಹಾಡುತ್ತದೆ, ಎಷ್ಟು ಹೊತ್ತು ಬರೆದುಕೊಳ್ಳುತ್ತದೆ? ಪುಸ್ತಕ ತುಂಬಿಸುವ ಶಿಬಿರ ಬೇಡ.
- ಮಗುವಿನ ಗುರುಗಳ ಪಾಠಾಂತರವನ್ನು ಗೌರವಿಸುತ್ತಾರೆಯೇ? "ನಿಮ್ಮ ಟೀಚರ್ ತಪ್ಪು ಹೇಳಿಕೊಟ್ಟಿದ್ದಾರೆ" ಎಂಬ ಒಂದು ಮಾತು ಮಗುವಿನ ವರ್ಷದ ನಂಬಿಕೆ ಕೆಡಿಸಬಲ್ಲದು.
- ಮಕ್ಕಳ ಜೊತೆ ಸದಾ ಇಬ್ಬರು ದೊಡ್ಡವರು ಇರುತ್ತಾರೆಯೇ? ಮಗುವನ್ನು ಕರೆದೊಯ್ಯಲು ಬರುವವರ ಪಟ್ಟಿ ಇಟ್ಟಿದ್ದಾರೆಯೇ? ಅಲರ್ಜಿ, ಔಷಧಿಗಳ ವಿವರ ಕೇಳಿದ್ದಾರೆಯೇ?
- ಶುಲ್ಕ ಕೊಡಲಾಗದ ಮನೆಯ ಮಗುವಿಗೆ ಅವಕಾಶವಿದೆಯೇ? ನಾಲ್ಕು ಮನೆಯವರು ಸ್ವಲ್ಪ ಸ್ವಲ್ಪ ಹೆಚ್ಚು ಹಾಕಿದರೆ ಒಂದು ಮಗು ಬರಬಹುದು.

ಶಿಬಿರ ಮುಗಿದ ಮೇಲೆ

ಕೊನೆಯ ದಿನದ ಕಾರ್ಯಕ್ರಮಕ್ಕೆ ನಾವು ಕೊಡುವ ಮಹತ್ವ ಸ್ವಲ್ಪ ಜಾಸ್ತಿಯಾಯಿತೇನೋ. ಬ್ಯಾನರ್, ರೇಷ್ಮೆ ಲಂಗ, ವೀಡಿಯೊ, ಸ್ಮರಣಿಕೆ ಎಂದು ಕೊನೆಯ ಮೂರು ದಿನ ಅದರ ತಯಾರಿಗೇ ಹೋದರೆ ಪಾಠ ಉಳಿಯುವುದು ಏಳೇ ದಿನ. ಒಂದು ಮನೆಯ ಹಜಾರದಲ್ಲಿ, ಅರ್ಧ ಗಂಟೆ, ಮಕ್ಕಳೆಲ್ಲ ಕೂಡಿ ಎರಡು-ಮೂರು ಹಾಡು ಹಾಡಿದರೆ ಸಾಕು. ಯಾರು ಚೆನ್ನಾಗಿ ಹಾಡಿದರು ಎಂಬ ಬಹುಮಾನ ಬೇಡವೇ ಬೇಡ.

ಶಿಬಿರ ಫಲಿಸಿತೇ ಎಂದು ತಿಳಿಯುವುದು ಆ ಸಂಜೆ ಅಲ್ಲ, ಅದರ ಮುಂದಿನ ತಿಂಗಳು. ಸೆಪ್ಟೆಂಬರ್ ಬಂದು ಶಾಲೆಗಳು ತೆರೆದಾಗ ಗುಂಪು ಚದುರಿಹೋಗುತ್ತದೆ. ಅದಕ್ಕೇ ಶಿಬಿರದ ಕೊನೆಯ ದಿನವೇ ಮುಂದಿನ ಭೇಟಿ ಗೊತ್ತುಮಾಡಿಕೊಳ್ಳಿ. ತಿಂಗಳಿಗೊಂದು ಭಾನುವಾರ, ಒಂದೊಂದು ಸಲ ಒಬ್ಬೊಬ್ಬರ ಮನೆಯಲ್ಲಿ, ಒಂದು ಗಂಟೆ. ಫಸ್ಟ್ ಪಾರ್ಕ್‌ಲ್ಯಾಂಡ್ಸ್ ಅವೆನ್ಯೂದಿಂದ ಸಿಕ್ಸ್ತ್ ಅವೆನ್ಯೂವರೆಗೆ ಎಷ್ಟು ದೂರ? ವಾರದ ಪಾಠ ಗುರುಗಳ ಬಳಿ ಪರದೆಯ ಮೇಲೆ ನಡೆಯಲಿ, ತಿಂಗಳಿಗೊಮ್ಮೆ ಕೂಡಿ ಹಾಡುವುದು ಇಲ್ಲಿ ನಡೆಯಲಿ. ಪರೀಕ್ಷೆಯ ವರ್ಷದ ಮಕ್ಕಳೂ ತಿಂಗಳಿಗೊಂದು ಗಂಟೆ ಕೊಡಬಲ್ಲರು. ಪೂರ್ತಿ ಬಿಟ್ಟವರು ಮರಳಿ ಬರುವುದು ಕಷ್ಟ. ಎಳೆ ಉಳಿಸಿಕೊಂಡವರು ಬರುತ್ತಾರೆ.

ನಮ್ಮ ಮಗಳ ಕತೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ಅಂದು ತಾಳ ತಪ್ಪಿದ ನಾಲ್ವರು ಮಕ್ಕಳನ್ನೇ ನಾವು ತಾಯಂದಿರು ಪ್ರತಿ ಶನಿವಾರ ಒಂದು ಮನೆಯಲ್ಲಿ ಕೂರಿಸತೊಡಗಿದೆವು. ಗುರುಗಳಿಲ್ಲ, ಮೃದಂಗವಿಲ್ಲ. ಬರೀ ತಂಬೂರಿ, ನಾಲ್ಕು ಜೊತೆ ಕೈ. ಮೊದಲ ಎರಡು ವಾರ ಜಗಳವೇ ಹೆಚ್ಚು, ಹಾಡು ಕಡಿಮೆ! ಮೂರನೇ ತಿಂಗಳ ಹೊತ್ತಿಗೆ ಮಲಹರಿಯ ಒಂದು ಗೀತೆಯನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ದನಿಯಲ್ಲಿ ಹಾಡಿ ಮುಗಿಸಿದರು. ಮುಗಿಸಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂದು ರಾತ್ರಿ ಕ್ಲಾಸ್ ಬೇಡ ಎಂಬ ಮಾತು ಬರಲಿಲ್ಲ, "ಮುಂದಿನ ಶನಿವಾರ ಯಾರ ಮನೆ?" ಎಂಬ ಪ್ರಶ್ನೆ ಬಂತು.

ಹಾಡ್ತಾ ಹಾಡ್ತಾ ರಾಗ ಎಂದು ನಮ್ಮ ಹಿರಿಯರು ಹೇಳಿದ್ದು ಸುಳ್ಳಲ್ಲ. ಅದಕ್ಕೆ ಇನ್ನೊಂದು ಮಾತನ್ನು ಸೇರಿಸೋಣ: ಕೂಡಿ ಹಾಡ್ತಾ ತಾಳ. ಈ ಆಗಸ್ಟ್‌ನಲ್ಲಿ ನಿಮ್ಮ ಮನೆಯ ಹಜಾರವನ್ನು ಹತ್ತು ದಿನ ಮಕ್ಕಳಿಗೆ ಬಿಟ್ಟುಕೊಡಬಲ್ಲಿರಾದರೆ, ಮೃದಂಗವೋ ಹಾರ್ಮೋನಿಯಂ ಬಲ್ಲವರೋ ನಿಮ್ಮಲ್ಲಿದ್ದರೆ, ಅಥವಾ ಎರಡು ದಿನ ಉಪ್ಪಿಟ್ಟು ಮಾಡಿಕೊಡುವ ಮನಸ್ಸಿದ್ದರೆ, ನಮ್ಮ ಸಂಘದ ಪದಾಧಿಕಾರಿಗಳಿಗೆ ಒಂದು ಮಾತು ಹೇಳಿ. ನಾಲ್ಕು ಮಕ್ಕಳಿದ್ದರೂ ಸಾಕು, ಶಿಬಿರ ಶುರುಮಾಡಬಹುದು.

ಸಿರಿಗನ್ನಡಂ ಗೆಲ್ಗೆ!